ಕಾಡುಬೆಕ್ಕಿಗೊಂದು ಹಲ್ಲಿನ ಸೆಟ್ಟು

ಫೆಬ್ರವರಿ 4

ಮಗನೇ,

ಕವರಿನ ಮೇಲೆ ನನ್ನ ಅಕ್ಷರ ಕಂಡು ಎದೆ ಧಸಕ್ಕೆಂದಿದ್ದರೆ ಮೊದಲು ಕೂತುಕೋ. ಮನೆಯಲ್ಲಿ ಎಲ್ಲರೂ ಗುಂಡುಕಲ್ಲಿನ ಹಾಗಿದ್ದೇವೆ. ನಿಮ್ಮಪ್ಪ ಈ ಹೊತ್ತಿಗೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಯಾರದೋ ಪಕ್ಕ ಕೂತು ಬ್ರೇಕ್ ತುಳಿಯುತ್ತಿರುತ್ತಾರೆ. ಎರಡು ವರ್ಷದಿಂದ ಅವರ ಮೂಲಕವೇ ನಮ್ಮಿಬ್ಬರ ಕ್ಷೇಮ ಸಮಾಚಾರ ನಡೆಯುತ್ತಿದೆ, ಈಗೇನು ನೇರವಾಗಿ ಅಂತ ಹುಬ್ಬೇರಿಸಬೇಡ. ಕೆಲಸ ಬಿದ್ದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ ಅಂತ ನಿನಗೂ ಗೊತ್ತು.

ಅಜ್ಜಿ ಹೋಗಿಬಿಟ್ಟಳು. ಮತ್ತೆ ಗಾಬರಿಯಾಗಬೇಡ, ಮೃಗಾಲಯದ ಅಜ್ಜಿ. ಆ ಕಾಡುಬೆಕ್ಕು. ಯಾರು ಪಂಜರದ ಹತ್ತಿರ ಹೋದರೂ ಬಾಯಿ ಅಗಲ ತೆರೆದು ಬುಸ್ಸೆನ್ನುತ್ತಿದ್ದಳಲ್ಲ, ಅವಳೇ. ವಯಸ್ಸಾಗಿತ್ತು, ನಿದ್ದೆಯಲ್ಲೇ ಹೋದಳಂತೆ. ಚರ್ಮ ಹದ ಮಾಡಿ ಜೀವ ಇರುವ ಹಾಗೆ ನಿಲ್ಲಿಸಲು ಮೃಗಾಲಯದವರು ಅವಳನ್ನು ನಮ್ಮ ಮ್ಯೂಸಿಯಮ್ಮಿಗೆ ಕೊಟ್ಟಿದ್ದಾರೆ. ಮೇ ತಿಂಗಳಲ್ಲಿ ಮಕ್ಕಳಿಗಾಗಿ ಹೊಸ ಹಾಲ್ ತೆರೆಯುತ್ತದೆ, ಬಾಗಿಲಲ್ಲೇ ಅವಳು ನಿಲ್ಲಬೇಕು ಅಂತ ಮ್ಯೂಸಿಯಂ ಮೇಡಂ ಆಸೆ. ಹಾಲ್ ತೆರೆದ ಮೇಲೆ ನಾನು ನಿವೃತ್ತಿ. ಅಂದರೆ ಇವಳೇ ನನ್ನ ಕೊನೆಯ ಕೆಲಸ.

ಮೇಡಂ ಹೇಳಿದ್ದು ಒಂದೇ ಮಾತು: "ಬಾಯಿ ತೆರೆದಿರ್ಲಿ. ಹಲ್ಲು ಕಾಣ್ಲಿ."

ನಿನಗೆ ಗೊತ್ತಲ್ಲ, ಇಷ್ಟು ವರ್ಷದಲ್ಲಿ ನಾನು ನಿಲ್ಲಿಸಿದ ಒಂದು ಪ್ರಾಣಿಯೂ ಬಾಯಿ ತೆರೆದಿಲ್ಲ. ಕೇಳಿದವರಿಗೆಲ್ಲ "ಬಾಯಿ ಮುಚ್ಚಿದ್ರೇ ಗಾಂಭೀರ್ಯ" ಅಂತ ಹೇಳಿ ಬಾಯಿ ಮುಚ್ಚಿಸಿದ್ದೇನೆ. ನಿಜ ಹೇಳಬೇಕೆಂದರೆ ತೆರೆದ ಬಾಯಿ ಮಾಡಲು ನನಗೆ ಬರುವುದಿಲ್ಲ. ನಗು, ಪರವಾಗಿಲ್ಲ. ಅದೂ ಸಾಲದು ಅಂತ ಅಜ್ಜಿಯ ಬಾಯಲ್ಲಿ ಒಂದೂ ಹಲ್ಲಿಲ್ಲ. ಉದುರಿ ಎಷ್ಟೋ ಕಾಲವಾಗಿತ್ತು. ರೆಡಿಮೇಡ್ ದವಡೆ ತರಿಸಿ ನೋಡಿದೆ, ಪ್ಲಾಸ್ಟಿಕ್ ಬಾಚಣಿಗೆ ಕಚ್ಚಿಕೊಂಡ ಹಾಗೆ ಕಾಣುತ್ತದೆ.

ನೀನು ಮನುಷ್ಯರಿಗೆ ಹಲ್ಲು ಕಟ್ಟುತ್ತೀಯ. ಒಂದು ಬೆಕ್ಕಿಗೆ ಕಟ್ಟಿಕೊಡಲು ಆಗುತ್ತದಾ? ಆಗುವುದಿಲ್ಲ ಅಂದರೆ ನಿಮ್ಮಪ್ಪನ ಕೈಲಿ ಹೇಳಿಸಬೇಡ, ನೀನೇ ಬರೆ. ನರಿಯ ವಿಷಯ ನಾನು ಇಲ್ಲಿ ಎತ್ತುವುದಿಲ್ಲ.

ಚರ್ಮಕ್ಕೆ ಉಪ್ಪು ಹಚ್ಚಿದ ಕೈಯಲ್ಲೇ ಬರೆಯುತ್ತಿರುವ,
ನಿನ್ನಮ್ಮ


ಫೆಬ್ರವರಿ 12

ಅಮ್ಮಾ,

ನರಿಯ ವಿಷಯ ನೀನು ಎತ್ತಲಿಲ್ಲ. ಹಾಗಾದರೆ ನಾನು ಎತ್ತುತ್ತೇನೆ. ಮೂರು ವರ್ಷ ನಿನ್ನ ಕೈಕೆಳಗೆ ಕೆಲಸ ಕಲಿತೆ. ನೀನು ಊರಲ್ಲಿಲ್ಲದ ಒಂದು ದಿನ ನೀನು ನಿಲ್ಲಿಸಿದ್ದ ಆ ನರಿಯ ತುಟಿಯನ್ನು ಒಂದು ಚೂರು, ಒಂದೇ ಒಂದು ಚೂರು ಮೇಲಕ್ಕೆತ್ತಿ ಪಿನ್ನು ಹಾಕಿದೆ. ನೀನು ಬಂದವಳೇ ಮ್ಯೂಸಿಯಮ್ಮಿನವರೆಲ್ಲ ನೋಡುತ್ತಿರುವಾಗ ಪಿನ್ನು ಕಿತ್ತು ಮೊದಲಿನ ಹಾಗೇ ಮಾಡಿದೆ. ಯಾಕೆ ಎತ್ತಿದೆ ಅಂತ ನನ್ನನ್ನು ಕೇಳಲಿಲ್ಲ. ನಾನು ಬದುಕಿರುವವರ ಬಾಯಿ ನೋಡಿಕೊಳ್ಳುತ್ತೇನೆ ಅಂತ ಎದ್ದು ಬಂದೆ. ಅಷ್ಟೇ ವಿಷಯ. ಎತ್ತಿದ್ದಾಯಿತು, ಇಳಿಸಿದ್ದೂ ಆಯಿತು.

ಅಜ್ಜಿ ಹೋದಳು ಅಂತ ಓದಿ ಬೇಜಾರಾಯಿತು. ನಮ್ಮ ಡಾಕ್ಟರಮ್ಮನಿಗೆ ನಿನ್ನ ಕಾಗದ ತೋರಿಸಿದೆ. ಅವರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ನಾನು ಸೆಟ್ಟು ಮಾಡುವುದು. "ನಮ್ಮಲ್ಲಿ ಕಚ್ಚೋ ಪೇಷಂಟುಗಳು ಬಂದಿದ್ದಾರೆ, ಆದ್ರೆ ಕಾಡಿನವರು ಇದೇ ಮೊದ್ಲು, ಒಪ್ಕೋ" ಅಂದರು.

ಒಪ್ಪಿಕೊಂಡಿದ್ದೇನೆ. ಮೇಲಿನ ಮತ್ತು ಕೆಳಗಿನ ದವಡೆಯ ಅಚ್ಚು ತೆಗೆದು ಕಳಿಸು. ಬಾಯಿ ಎಷ್ಟು ತೆರೆದಿರಬೇಕು ಅಂತಲೂ ಬರೆ. ನನ್ನದು ಎರಡು ಕಂಡೀಷನ್. ಆ ವರ್ಕ್‌ಶಾಪಿಗೆ ಬಾ ಅಂತ ಕರೆಯಬಾರದು. ಮತ್ತೆ, ನನ್ನ ಕೆಲಸಕ್ಕೆ ನನ್ನನ್ನು ಕೇಳದೆ ಕೈ ಹಾಕಬಾರದು. ಅರ ಹಿಡಿದು ಉಜ್ಜುವುದು, ಬಣ್ಣ ಬಳಿಯುವುದು, ಯಾವುದೂ ಇಲ್ಲ. ಸರಿಯಿಲ್ಲದಿದ್ದರೆ ವಾಪಸ್ ಕಳಿಸು.

ಪೇಷಂಟಿಗೆ ಬೇರೇನಾದರೂ ಕಾಯಿಲೆ ಇದೆಯಾ? (ಇದು ನಾವು ಎಲ್ಲರಿಗೂ ಕೇಳುವ ಪ್ರಶ್ನೆ.)

ಹಲ್ಲು ಕಟ್ಟುವವನಾದ,
ನಿನ್ನ ಮಗ


ಫೆಬ್ರವರಿ 20

ಮಗರಾಯಾ,

ಪೇಷಂಟಿಗೆ ಸಾವು ಒಂದು ಬಿಟ್ಟು ಬೇರೆ ಏನೂ ತೊಂದರೆಯಿಲ್ಲ.

ಎರಡೂ ಕಂಡೀಷನ್ ಒಪ್ಪಿದೆ. ಎರಡನೆಯದನ್ನು ಒಪ್ಪಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು, ಆದರೆ ಒಪ್ಪಿದೆ. ಅಚ್ಚುಗಳನ್ನು ಹತ್ತಿಯಲ್ಲಿ ಸುತ್ತಿ ನಿಮ್ಮಪ್ಪನ ಶೂ ಬಾಕ್ಸಿನಲ್ಲಿಟ್ಟಿದ್ದೇನೆ. ವಾಸನೆ ಬಂದರೆ ಅದು ಬೆಕ್ಕಿನದಲ್ಲ, ಶೂದು.

ಚರ್ಮ ಹದವಾಗಿ ಬಂದಿದೆ, ಒದ್ದೆಯಲ್ಲೇ ಸುತ್ತಿ ಫ್ರೀಜರಿನಲ್ಲಿಟ್ಟಿದ್ದೇನೆ. ಈಗ ಒಡಲು ಕಟ್ಟುತ್ತಿದ್ದೇನೆ. ಉದ್ದ, ಕುತ್ತಿಗೆಯ ಸುತ್ತಳತೆ, ತೊಡೆಯ ದಪ್ಪ ಎಲ್ಲವನ್ನೂ ಚರ್ಮ ಬಿಡಿಸುವ ಮೊದಲೇ ಅಳೆದು ಬರೆದಿಟ್ಟಿದ್ದೆ. ಹದ ಮಾಡಿದ ಚರ್ಮವನ್ನು ನಂಬುವ ಹಾಗಿಲ್ಲ, ಎಳೆದಷ್ಟೂ ಬರುತ್ತದೆ. ಅದರ ಅಳತೆಗೆ ಒಡಲು ಕಟ್ಟಿದರೆ ಕಾಡುಬೆಕ್ಕು ಹೋಗಿ ದಿಂಬಾಗುತ್ತದೆ. ಬೇರೆಯವರೆಲ್ಲ ಈಗ ಫೋಮ್ ಕೆತ್ತುತ್ತಾರೆ. ನಾನು ಮಾತ್ರ ಹಳೇ ಕಾಲದವಳು, ಗಾಜಿನ ಸಾಮಾನು ಪ್ಯಾಕ್ ಮಾಡಲು ಬಳಸುವ ಆ ಮರದ ನಾರನ್ನೇ ಕಂಬಿಯ ಸುತ್ತ ಬಿಗಿದು ಹುರಿದಾರ ಸುತ್ತುತ್ತಾ ಕೂತಿದ್ದೇನೆ. ಬೆರಳು ಕೆಂಪಗಾಗಿದೆ. ಅಜ್ಜಿಗೆ ಬಲಗಡೆಯ ಹಿಂಗಾಲಿನ ಕೀಲು ಸವೆದಿತ್ತು, ಭಾರವನ್ನೆಲ್ಲ ಎಡಕ್ಕೆ ಹಾಕಿ ನಿಲ್ಲುತ್ತಿದ್ದಳು. ಹಾಗೇ ನಿಲ್ಲಿಸುತ್ತೇನೆ.

ನಾಲ್ಕು ಕಾಲಿನ ಮೇಲೆ ನಿಂತಾಗ ಹೆಗಲ ಮೂಳೆ ಎಲ್ಲಿ ಏಳುತ್ತದೆ ಅಂತ ನೋಡಬೇಕಿತ್ತು. ನಿಮ್ಮಪ್ಪನನ್ನು ನೆಲದ ಮೇಲೆ ಬಗ್ಗಿಸಿದೆ. ಅಂಗಿ ಬಿಚ್ಚಿಸಿ ಟಾರ್ಚ್ ಬಿಟ್ಟೆ.

"ಒಂದ್ಸಲ ಬುಸ್ ಅನ್ನಿ, ಕುತ್ತಿಗೆ ಹೇಗೆ ಬಿಗಿಯುತ್ತೆ ನೋಡ್ಬೇಕು."

"ಮದುವೆ ಆದ್ಮೇಲೆ ಅದೆಲ್ಲ ಮರೆತೇಹೋಗಿದೆ ಕಣೇ" ಅಂದರು.

ಆಮೇಲೆ ಏಳಲಾಗದೆ ಮೇಜಿನ ಕಾಲು ಹಿಡಿದುಕೊಂಡು ಎದ್ದರು. ಮೂರು ದಿನ ಸೊಂಟಕ್ಕೆ ಮುಲಾಮು ಹಚ್ಚಿದೆ. ಮನೆಯೆಲ್ಲ ಘಮಘಮ.

ಬೇಗ ಮಾಡು. ಆದರೆ ಅವಸರ ಮಾಡಬೇಡ.

ದಾರದಲ್ಲಿ ಸಿಕ್ಕಿಕೊಂಡಿರುವ,
ನಿನ್ನಮ್ಮ


ಮಾರ್ಚ್ 9

ಅಮ್ಮಾ,

ಇದರ ಜೊತೆಗೆ ಸೆಟ್ಟು ಕಳಿಸಿದ್ದೇನೆ. ನಾನೇ ಹೇಳಿಕೊಳ್ಳಬಾರದು, ಆದರೆ ಹೇಳಿಕೊಳ್ಳುತ್ತೇನೆ: ಚೆನ್ನಾಗಿ ಬಂದಿದೆ.

ಹದಿನೈದು ದಿನ ಸಂಜೆ ಹೊತ್ತು ಇದೇ ಕೆಲಸ. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿದೆ. ವಸಡಿನ ಗುಲಾಬಿಗೆ ಎರಡು ಬಣ್ಣ ಬೆರೆಸಿದೆ. ನಮ್ಮಲ್ಲಿ ಹಲ್ಲಿನ ಬಣ್ಣ ಆರಿಸಲು ಒಂದು ಪಟ್ಟಿ ಇರುತ್ತದೆ, ಅದರಲ್ಲಿ ಜನ ಹೆಚ್ಚಾಗಿ ಕೇಳುವ ಬಣ್ಣವನ್ನೇ ಹಾಕಿದ್ದೇನೆ. ಮೇಲೆ ಕೆಳಗೆ ಎಷ್ಟು ನಯವಾಗಿ ಕೂರುತ್ತದೆ ನೋಡು. ಡಾಕ್ಟರಮ್ಮ ಕೈಯಲ್ಲಿ ಹಿಡಿದು ಟಕ್ ಟಕ್ ಅನ್ನಿಸಿ, "ಇದಕ್ಕೆ ಏನು ಬೇಕಾದ್ರೂ ಅಗಿಯೋಕಾಗುತ್ತೆ" ಅಂದರು. ಅವರು ಸುಮ್ಮಸುಮ್ಮನೆ ಹೊಗಳುವವರಲ್ಲ.

ನೋಡಿದ ತಕ್ಷಣ ಬರೆ. ಕಾಯುತ್ತಿರುತ್ತೇನೆ.

ನಿನ್ನ ಮಗ


ಮಾರ್ಚ್ 15

ಕಂದಾ,

ಮೊದಲು ಒಂದು ಮಾತು: ನಾನು ಅದಕ್ಕೆ ಕೈ ಹಾಕಿಲ್ಲ. ಅರ ಮುಟ್ಟಿಲ್ಲ. ಅದನ್ನು ತಲೆಯಲ್ಲಿಟ್ಟುಕೊಂಡು ಮುಂದಕ್ಕೆ ಓದು.

ಮಣ್ಣು ಮೆತ್ತಿದ ತಲೆಗೆ ನಿನ್ನ ಸೆಟ್ಟು ಕೂರಿಸಿದೆ. ಅಚ್ಚುಕಟ್ಟಾಗಿ ಕೂತಿತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ನಿನ್ನ ಸೋದರಮಾವ ಹೊಸ ಸೆಟ್ಟು ಹಾಕಿಸಿಕೊಂಡು ಬಂದ ದಿನ ಬಾಗಿಲಲ್ಲಿ ನಿಂತು ಹಲ್ಲು ಕಿರಿದನಲ್ಲ, ಅವನೇ! ಅವನೇ ಬಂದು ನನ್ನ ಮೇಜಿನ ಮೇಲೆ ನಿಂತು "ಹೇಗಿದೆ ಅಕ್ಕಾ?" ಅಂತ ಕೇಳಿದ ಹಾಗಾಯಿತು. ಸಾಲಾಗಿ ಬೆಳ್ಳಗೆ, ಒಂದೇ ಎತ್ತರ. ಕೋರೆಹಲ್ಲು ಇದೆ, ಆದರೆ ಸಭ್ಯವಾಗಿದೆ. ಹಿಂದಿನ ಹಲ್ಲು ನೋಡಿದರೆ ಬಿಸ್ಕತ್ತು ಕೊಡೋಣ ಅನ್ನಿಸುತ್ತದೆ. ನಕ್ಕೆ ಕಣೋ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೇಲಿನ ಮಹಡಿಯ ಗುಮಾಸ್ತರು ಏನಾಯಿತೋ ಅಂತ ಇಳಿದು ಬಂದರು, ಅವರಿಗೆ ತೋರಿಸದೆ ಬಟ್ಟೆ ಮುಚ್ಚಿದೆ.

ಇದು ನಿನ್ನ ಕೈಯ ತಪ್ಪಲ್ಲ, ಅಭ್ಯಾಸ. ನೀನು ಅಗಿಯುವವರಿಗೆ ಹಲ್ಲು ಮಾಡುತ್ತೀಯ. ಬೆಕ್ಕು ಅಗಿಯುವುದೇ ಇಲ್ಲ. ಅದರ ಹಿಂದಿನ ಹಲ್ಲು ಕತ್ತರಿಯ ಹಾಗೆ, ಒಂದರ ಪಕ್ಕಕ್ಕೆ ಒಂದು ಜಾರಬೇಕು. ಮುಂದಿನವು ಅಕ್ಕಿ ಕಾಳಿನಷ್ಟು ಸಣ್ಣ. ಕೋರೆಹಲ್ಲು ನೆಟ್ಟಗಿರಬಾರದು, ಹಿಂದಕ್ಕೆ ಒಂಚೂರು ಬಾಗಿರಬೇಕು, ಬುಡದಲ್ಲಿ ಹಳದಿ ಇರಬೇಕು.

ಚಿತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ. ಸೆಟ್ಟು ಇಲ್ಲೇ ಇರಲಿ, ಇನ್ನೊಂದು ಮಾಡು.

ಇನ್ನೂ ನಗುತ್ತಲೇ ಇರುವ,
ನಿನ್ನಮ್ಮ


ಮಾರ್ಚ್ 30

ಮರಿ,

ನಾನು ನಿಮ್ಮಪ್ಪ. ನಿಮ್ಮಮ್ಮನಿಗೆ ತಿಳಿಸದೆ ಬರೆಯುತ್ತಿದ್ದೇನೆ, ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕೂತು. ಕಲಿಯುವವನು ಟೀ ಕುಡಿಯಲು ಹೋಗಿದ್ದಾನೆ.

ನಿನ್ನಿಂದ ಉತ್ತರ ಬರಲಿಲ್ಲ. ಮುಖ ಊದಿಸಿಕೊಂಡಿದ್ದೀಯ ಅಂತ ಗೊತ್ತಾಯಿತು. ನೀನು ಊದಿಸಿಕೊಳ್ಳುವುದು ಥೇಟ್ ಅವಳ ಹಾಗೇ. ದಿನಾ ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಅಂಚೆ ಡಬ್ಬಿಗೆ ಕೈ ಹಾಕುತ್ತಾಳೆ. ಆಮೇಲೆ ಏನೂ ಆಗದವಳ ಹಾಗೆ "ಇವತ್ತು ಸೆಕೆ ಜಾಸ್ತಿ" ಅನ್ನುತ್ತಾಳೆ.

ನೀನು ಮಾಡಿದ ಆ ಸೆಟ್ಟು ನೋಡಿದೆ. ನನಗೂ ನಗು ಬಂತು. ಆದರೆ ನಾನು ನಕ್ಕಿದ್ದಕ್ಕೆ ಅವಳು ನನ್ನ ಮೇಲೇ ತಿರುಗಿಬಿದ್ದಳು. "ನೀವು ನಗ್ಬೇಡಿ. ವಸಡು ನೋಡಿ, ಹೇಗೆ ಮಾಡಿದ್ದಾನೆ. ಆ ಗೆರೆ ನೋಡಿ. ನನ್ ಕೈಲಿ ಆಗುತ್ತಾ ಇದು?" ಅಂತ ಅರ್ಧ ಗಂಟೆ ಪಾಠ ಮಾಡಿದಳು. ಇದನ್ನು ಅವಳು ನಿನಗೆ ಬರೆದಿದ್ದಾಳಾ? ಇಲ್ಲ ಅಂತ ನನಗೆ ಗೊತ್ತು. ಅದಕ್ಕೇ ನಾನು ಬರೆದೆ.

ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ತುಳಿಯುವುದು ನನ್ನ ಕಸುಬು. ನಿಮ್ಮಿಬ್ಬರ ವಿಷಯದಲ್ಲಿ ಆಕ್ಸಿಲರೇಟರ್ ಕೂಡ ನಾನೇ ತುಳಿಯಬೇಕಾಗಿದೆ. ಬೇಗ ಎರಡನೇದು ಮಾಡಿ ಕಳಿಸು. ಮತ್ತೆ ನನ್ನನ್ನು ನೆಲದ ಮೇಲೆ ಬಗ್ಗಿಸುವ ಮೊದಲು ಈ ಬೆಕ್ಕು ಮುಗಿಯಲಿ.

ಅವನು ಬಂದ. ಗೇರ್ ಹಾಕದೆ ಹಾರ್ನ್ ಮಾಡುತ್ತಿದ್ದಾನೆ.

ಅಪ್ಪ


ಏಪ್ರಿಲ್ 6

ಅಮ್ಮಾ,

ತಡವಾಯಿತು. ಅರ್ಧ ಸಿಟ್ಟು, ಇನ್ನರ್ಧ ಬ್ಯಾಂಡೇಜು.

ಸಿಟ್ಟು ಇಳಿದ ಮೇಲೆ ನಿನ್ನ ಚಿತ್ರ ತೆಗೆದು ನೋಡಿದೆ. ಕಾಗದದ ಮೇಲಿನ ಹಲ್ಲು ನೋಡಿ ಹಲ್ಲು ಮಾಡುವುದಕ್ಕಿಂತ ನಿಜವಾದದ್ದನ್ನೇ ನೋಡೋಣ ಅಂತ ಡಾಕ್ಟರಮ್ಮನ ಮನೆಗೆ ಹೋದೆ. ಅವರ ಮನೆಯಲ್ಲಿ ಒಂದು ದಪ್ಪ ಬೆಕ್ಕಿದೆ, ಸೋಫಾ ಬಿಟ್ಟು ಏಳುವುದಿಲ್ಲ. ತೊಡೆಯ ಮೇಲೆ ಕೂರಿಸಿಕೊಂಡು, ಮುದ್ದು ಮಾಡಿ, ಪೇಷಂಟಿಗೆ ಹೇಳುವ ಹಾಗೆ "ಆ ಅನ್ನಮ್ಮ" ಅಂತ ಬಾಯಿ ಬಿಡಿಸಿ ಬೆರಳಿಟ್ಟೆ. ಅದು ಸುಮ್ಮನಿತ್ತು. ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ಕಚ್ಚಿತು.

ಡಾಕ್ಟರಮ್ಮ ಇಂಜೆಕ್ಷನ್ನಿಗೆ ಕರೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಬೈದರು, ನನ್ನನ್ನಲ್ಲ, ಬೆಕ್ಕನ್ನೂ ಅಲ್ಲ, ಟ್ರಾಫಿಕ್ಕನ್ನು. ಆದರೆ ಅಮ್ಮಾ, ಹೆಬ್ಬೆರಳಿಗೆ ಎಲ್ಲ ಗೊತ್ತಾಗಿಹೋಯಿತು! ಕೋರೆಹಲ್ಲು ನೇರ ಇಳಿಯುವುದಿಲ್ಲ, ಓರೆಯಾಗಿ ಇಳಿದು ಕೊಕ್ಕೆಯ ಹಾಗೆ ಹಿಡಿಯುತ್ತದೆ. ಎಳೆದುಕೊಂಡರೆ ಇನ್ನೂ ಒಳಗೆ ಹೋಗುತ್ತದೆ. ಮೇಲಿನದು ಎಲ್ಲಿ, ಕೆಳಗಿನದು ಎಲ್ಲಿ ಅಂತ ಗುರುತು ಬಿದ್ದಿತ್ತು. ಮಾರನೇ ದಿನ ಬ್ಯಾಂಡೇಜ್ ಬಿಚ್ಚಿ ಗುರುತುಗಳ ನಡುವಿನ ಅಂತರ ಅಳೆದೆ, ನಿನ್ನ ಅಚ್ಚಿನ ದವಡೆಗೆ ತಕ್ಕ ಹಾಗೆ ಹಿಗ್ಗಿಸಿಕೊಂಡೆ.

ಹೊಸ ಸೆಟ್ಟು ಇದರ ಜೊತೆಗಿದೆ. ಬುಡದ ಹಳದಿಗೆ ಟೀ ಕಷಾಯದಲ್ಲಿ ನೆನೆಸಿದೆ, ಎಡಗಡೆಯ ಕೋರೆಯ ತುದಿ ಬೇಕಂತಲೇ ಮುರಿದಿದ್ದೇನೆ. ಕೈ ಅಭ್ಯಾಸಬಲದಿಂದ ಅದನ್ನೂ ತೆಗೆದು ಹಾಕುವ ಸೆಟ್ಟಿನ ಹಾಗೇ ಮಾಡಿಬಿಟ್ಟಿತು. ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿದರೆ ಟಕ್ ಅಂತ ಬರುತ್ತದೆ. ರಾತ್ರಿ ಅಜ್ಜಿ ಬಿಚ್ಚಿಟ್ಟು ಮಲಗಬಹುದು.

ಅಪ್ಪನಿಗೆ ಹೇಳು, ಕಾಗದ ತಲುಪಿತು ಅಂತ. ಯಾವ ಕಾಗದ ಅಂತ ನೀನು ಕೇಳಬೇಡ.

ಗಾಯಾಳು,
ನಿನ್ನ ಮಗ


ಏಪ್ರಿಲ್ 19, ಸ್ಪೀಡ್ ಪೋಸ್ಟ್

ಮಗನೇ,

ಅಜ್ಜಿ ನಿಂತಿದ್ದಾಳೆ.

ಮೊನ್ನೆ ಚರ್ಮ ಹೊರತೆಗೆದು ಕರಗಿಸಿದೆ. ಒಡಲಿಗೆ ತೊಡಿಸಿ ಹೊಲಿಗೆ ಹಾಕಿದೆ. ಕೆನ್ನೆಗೆ, ಹುಬ್ಬಿನ ಕೆಳಗೆ ಮಣ್ಣು ತುಂಬಿದೆ. ಕಿವಿ ಹಿಂದಕ್ಕೆ ಒತ್ತಿದೆ, ಸಿಟ್ಟಲ್ಲಿದ್ದಾಳೆ ಅಂತ ಗೊತ್ತಾಗಬೇಕಲ್ಲ. ಗಾಜಿನ ಕಣ್ಣು ಕೂರಿಸುವಾಗ ಉಸಿರು ಹಿಡಿದಿದ್ದೆ. ಆಮೇಲೆ ನಿನ್ನ ಹಲ್ಲು. ಅಯ್ಯೋ, ಆ ಹಲ್ಲು! ಸುತ್ತ ತುಟಿ ಮಡಚಿ ಒಳಕ್ಕೆ ತುರುಕಿ ಪಿನ್ನು ಹಾಕುವಾಗ ನನ್ನ ಕೈಯನ್ನೇ ಕಚ್ಚುತ್ತದೇನೋ ಅನ್ನಿಸಿ ಎರಡು ಸಲ ಹಿಂದಕ್ಕೆಳೆದುಕೊಂಡೆ. ನಿನ್ನ ಕೆಲಸ ಇಷ್ಟು ಚೆನ್ನಾಗಿರುತ್ತದೆ ಅಂತ ನಾನು ಎಣಿಸಿರಲಿಲ್ಲ. ಹೆಮ್ಮೆಯಾಯಿತು. ಮ್ಯೂಸಿಯಂ ಮೇಡಂ ಬಂದು ನೋಡಿ ಚಪ್ಪಾಳೆ ತಟ್ಟಿದರು. "ಇದೇ ನನಗೆ ಬೇಕಾಗಿದ್ದಿದ್ದು" ಅಂದರು. ಅಂದರೆ ಪಾಸು. ಒಣಗಲು ಬಿಟ್ಟರೆ ನನ್ನ ಕೆಲಸ ಮುಗಿಯಿತು.

ಆದರೆ ಬಿಡಲಾಗುತ್ತಿಲ್ಲ.

ನಿನ್ನೆ ಸಂಜೆ ನಿಮ್ಮಪ್ಪ ನನ್ನನ್ನು ಕರೆದುಕೊಂಡು ಹೋಗಲು ಬಂದರು. ಒಳಗೆ ಬಂದು ಅದರ ಮುಂದೆ ನಿಂತು, "ಭಾರೀ ಇದೆ. ಯಾರಿದು?" ಅಂದರು. ತಮಾಷೆಗೆ ಹೇಳಿದ್ದಲ್ಲ. ನಿಜವಾಗಿಯೂ ಗುರುತು ಹತ್ತಲಿಲ್ಲ ಅವರಿಗೆ.

ಆಗ ನನಗೂ ಕಂಡಿತು. ಇದು ಯಾವುದೋ ಕಾಡಿನ ಯಾವುದೋ ಪ್ರಾಯದ ಬೆಕ್ಕು. ನಮ್ಮ ಅಜ್ಜಿ ಬೊಚ್ಚು ಬಾಯಲ್ಲಿ ಬುಸ್ಸೆನ್ನುತ್ತಿದ್ದಳು. ಬಾಯಲ್ಲಿ ಏನೂ ಇರಲಿಲ್ಲ, ಆದರೂ ಇಡೀ ಊರನ್ನು ಹೆದರಿಸಲು ಹೊರಡುತ್ತಿದ್ದಳು. ಮಕ್ಕಳೂ ತಿರುಗಿ ಬುಸ್ಸೆನ್ನುತ್ತಿದ್ದವು. ಅವಳನ್ನು ನೋಡಿ ಬಂದವರೆಲ್ಲ ಮನೆಯವರೆಗೂ ನಗುತ್ತಿದ್ದರು. ಆ ಅಜ್ಜಿ ಇಲ್ಲಿ ಇಲ್ಲ.

ನೀನು ಹೇಳಿದ ಹಾಗೆ ಹೆಬ್ಬೆರಳಲ್ಲಿ ಒತ್ತಿದರೆ ಟಕ್ ಅಂತ ಬರುತ್ತದೆ. ತುಟಿ ಇನ್ನೂ ಮೆತ್ತಗಿದೆ, ಬೇರೆ ಥರ ಕೂರಿಸಬಹುದು. ನಾನು ಒತ್ತಿಲ್ಲ. ಅದು ನಿನ್ನ ಕೆಲಸ, ನಿನ್ನನ್ನು ಕೇಳದೆ ಕೈ ಹಾಕುವುದಿಲ್ಲ ಅಂತ ಒಪ್ಪಿದ್ದೇನೆ. ಫೋನಿಗೂ ಕೈ ಹೋಯಿತು. ಆದರೆ ಫೋನಿನಲ್ಲಿ ನಾನು ಜೋರು ಮಾಡಿಬಿಡುತ್ತೇನೆ, ನೀನು "ಹೂಂ, ಏನಾದ್ರೂ ಮಾಡ್ಕೋ" ಅಂದುಬಿಡುತ್ತೀಯ. ಹಾಗೆ ಬೇಡ. ಕೂತು ಯೋಚನೆ ಮಾಡಿ ಹೇಳು: ತೆಗೆಯಲಾ, ಬಿಡಲಾ? ತೆಗೆದರೆ ಮೇಡಂ ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ನೀನು ಬೇಡ ಅಂದರೆ ಹಾಗೇ ಬಿಡುತ್ತೇನೆ, ಮುಂದೆ ಯಾವತ್ತೂ ಅದರ ಮಾತೆತ್ತುವುದಿಲ್ಲ. ಎತ್ತದೇ ಇರುವುದು ನನಗೆ ಎಷ್ಟು ಕಷ್ಟ ಅಂತ ನಿನಗೆ ಗೊತ್ತು.

ಬಾಯಿಗೆ ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಮುಚ್ಚಿದ್ದೇನೆ. ನಾಲ್ಕೈದು ದಿನ ತಡೆಯುತ್ತದೆ. ಅದಕ್ಕಿಂತ ಹೆಚ್ಚು ಒದ್ದೆ ಇಟ್ಟರೆ ಕೂದಲು ಉದುರುತ್ತದೆ.

ಕೈ ಕಟ್ಟಿ ಕೂತಿರುವ,
ನಿನ್ನಮ್ಮ


ಏಪ್ರಿಲ್ 27

ಅಮ್ಮಾ,

ನಾನು ಕ್ಷೇಮವಾಗಿ ವಾಪಸ್ ಬಂದು ತಲುಪಿದೆ. ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದೆ ಅಂತ ಪಕ್ಕದವರು ಸೀಟು ಬದಲಾಯಿಸಿದರು.

ನಿನ್ನ ಕಾಗದ ಓದಿ ಮುಗಿಸಿದವನು ಉತ್ತರ ಬರೆಯಲು ಕೂತೆ. "ತೆಗಿ" ಅಂತ ಬರೆದೆ. ಹರಿದೆ. "ಬೇಡ" ಅಂತ ಬರೆದೆ. ಅದನ್ನೂ ಹರಿದೆ. ನೀನು ಆ ಬಾಯಿಯ ಮುಂದೆ ಕೈ ಕಟ್ಟಿ ಕೂತಿದ್ದೀಯ ಅನ್ನುವುದೇ ಕಣ್ಣ ಮುಂದೆ ಬರುತ್ತಿತ್ತು. ನೀನು! ಮದುವೆ ಮನೆಯಲ್ಲಿ ಯಾರೋ ಜೋಡಿಸಿದ ಹೂವನ್ನೂ ಸರಿ ಮಾಡುವವಳು. ಅಷ್ಟು ಹೊತ್ತಿಗೆ ಡಾಕ್ಟರಮ್ಮ ನನ್ನ ಬ್ಯಾಗು ತಂದು ಮೇಜಿನ ಮೇಲಿಟ್ಟರು. "ಬಸ್ಸಿಗೆ ಹೊತ್ತಾಗುತ್ತೆ" ಅಂದರು. ಬಾ ಅಂತ ನೀನು ಕರೆಯಬಾರದು ಅನ್ನುವುದು ಕಂಡೀಷನ್, ನಾನಾಗಿ ಬರಬಾರದು ಅಂತ ಏನೂ ಇರಲಿಲ್ಲ.

ಬಾಗಿಲು ತೆಗೆದು ನೀನು ಕೇಳಿದ ಮೊದಲ ಮಾತು "ಊಟ ಆಯ್ತಾ?" ಅಂತ. ಎರಡನೇ ಮಾತು "ಕೈ ತೋರ್ಸು" ಅಂತ. ಮೂರನೇ ಮಾತಿಗೆ ಜಗಳ ಆಗಲೇ ಇಲ್ಲ, ಗಮನಿಸಿದೆಯಾ?

ಅವಳ ಮುಂದೆ ನಿಂತಾಗ ನೀನು ಬರೆದದ್ದೇ ಸರಿ ಅನ್ನಿಸಿತು, ನಾನೇ ಹೆಬ್ಬೆರಳಲ್ಲಿ ಒತ್ತಿದೆ. ಹಲ್ಲು ತೆಗೆದಾಗ ನನಗೆ ಸಂಕಟವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಟಕ್ ಅಂತ ಬಂತು, ಬಾಯಿ ಒಮ್ಮೆಲೇ ಖಾಲಿಯಾಯಿತು, ತುಟಿ ಜೋತುಬಿತ್ತು. ಆ ತುಟಿ ನನಗೆ ಗೊತ್ತಮ್ಮ. ದಿನಾ ಬೆಳಿಗ್ಗೆ ನೋಡುತ್ತೇನೆ ಅದನ್ನು. ಸೆಟ್ಟು ಬಿಚ್ಚಿದ ಕೂಡಲೇ ಮನುಷ್ಯರ ತುಟಿಯೂ ಹಾಗೇ ಒಳಕ್ಕೆ ಮಡಚಿಕೊಳ್ಳುತ್ತದೆ, ಮೂಗು ಗದ್ದದ ಕಡೆ ಬಾಗುತ್ತದೆ, ಬಾಯಿಯ ಮೂಲೆಯಲ್ಲಿ ಒಂದು ಸಣ್ಣ ಗುಳಿ ಬೀಳುತ್ತದೆ. ಕೋಪ ಮಾಡಿಕೊಂಡರೂ ಮಗುವಿನ ಹಾಗೆ ಕಾಣುತ್ತಾರೆ. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅಂತ ಯೋಚನೆಯನ್ನೇ ಮಾಡಲಿಲ್ಲ, ಕೈ ಮಾಡುತ್ತಾ ಹೋಯಿತು. ಬರಿಯ ವಸಡನ್ನು ಗುಲಾಬಿ ಮೇಣದಲ್ಲಿ ಮಾಡಿದೆ. ಇಡೀ ಹೊತ್ತು ನೀನು ನನ್ನ ಪಕ್ಕ ಪಿನ್ನಿನ ಡಬ್ಬಿ ಹಿಡಿದು ನಿಂತಿದ್ದೆ. ಕೇಳಿದಾಗ ಒಂದೊಂದೇ ಕೊಟ್ಟೆ. ಒಂದು ಸಲ ಬಾಯಿ ತೆರೆದು ಏನೋ ಹೇಳಲು ಹೋಗಿ ಮುಚ್ಚಿಕೊಂಡೆ. ನನಗೆ ಕಾಣಿಸಿತು.

ಮುಗಿದ ಮೇಲೆ ಅಪ್ಪ ಬಂದು ನೋಡಿ "ಅರೆ, ಅಜ್ಜಿ!" ಅಂದರಲ್ಲ, ಅಷ್ಟು ಖುಷಿ ನನಗೆ ಯಾವ ಕೆಲಸದಲ್ಲೂ ಆಗಿಲ್ಲ.

ಮೇಡಂ ಏನಂದರು? ಹಲ್ಲು ಕಾಣಲಿ ಅಂದವರಿಗೆ ನಾವು ಹಲ್ಲನ್ನೇ ಕಿತ್ತುಕೊಟ್ಟಿದ್ದೇವೆ. ನಿನ್ನ ಕೊನೆಯ ಕೆಲಸ ನನ್ನಿಂದ ಹಾಳಾಯಿತಾ ಅಂತ ಒಂದೇ ಚಿಂತೆ. ಬೇಗ ಬರೆ.

ಆ ಸೆಟ್ಟು ನನ್ನ ಜೊತೆಗೇ ತಂದಿದ್ದೇನೆ. ಡಾಕ್ಟರಮ್ಮ ಅದನ್ನು ಮುಂದಿನ ಕೋಣೆಯಲ್ಲಿಟ್ಟಿದ್ದಾರೆ. ಕಾಯುತ್ತಾ ಕೂತವರು ಅದನ್ನು ನೋಡಿ, ತಮ್ಮದು ಇಷ್ಟು ಕಷ್ಟದ್ದಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದಾರೆ.

ನಿನ್ನ ಮಗ


ಮೇ 18

ಕಂದಾ,

ಬೇಗ ಬರೆ ಅಂತ ನೀನು ಅಂದಿದ್ದೆ, ಆದರೆ ನಾನು ಬೇಕಂತಲೇ ಬರೆಯಲಿಲ್ಲ. ಒಣಗುವವರೆಗೆ ಮೇಡಂಗೂ ತೋರಿಸಲಿಲ್ಲ. ಒಣಗುವಾಗ ತುಟಿ ಎಲ್ಲಿ ಎಳೆದುಕೊಳ್ಳುತ್ತದೋ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಒಂದು ಕೂದಲಿನಷ್ಟೂ ಎಳೆದುಕೊಳ್ಳಲಿಲ್ಲ. ಮೂಗಿಗೆ ಒದ್ದೆಯ ಹೊಳಪು ಕೊಟ್ಟು, ಮೀಸೆ ಒರೆಸಿ, ಮೇಡಂರನ್ನು ಕರೆದೆ.

ಬಂದರು. ನೋಡಿದರು. ನಾನು ಮನಸ್ಸಿನಲ್ಲೇ ಜಗಳಕ್ಕೆ ತಯಾರಾಗುತ್ತಿದ್ದೆ, ಇದು ನನ್ನ ಮಗ ಮಾಡಿದ ಬಾಯಿ, ಬೇಡ ಅಂದರೆ ನನ್ನ ಇಷ್ಟು ವರ್ಷದ ಪ್ರಾಣಿಗಳನ್ನೆಲ್ಲ ಹೊರಗಿಡಿ ಅಂತ ಹೇಳುವುದೆಂದು. ಅಷ್ಟರಲ್ಲಿ ಮೇಡಂ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಗ್ಗಿ, ಅಜ್ಜಿಯ ಮುಖಕ್ಕೆ ಮುಖ ಕೊಟ್ಟು "ಬುಸ್ಸ್" ಅಂದರು. ಆಮೇಲೆ ನಾನಿದ್ದೇನೆ ಅಂತ ನೆನಪಾಗಿ ನೆಟ್ಟಗಾದರು. "ಕಾಲೇಜಲ್ಲಿದ್ದಾಗ ಭಾನುವಾರ ಭಾನುವಾರ ಹೋಗ್ತಿದ್ದೆ, ಇವಳ ಹತ್ರ ಜಗಳ ಆಡೋಕೆ" ಅಂದರು. ಅಷ್ಟೇ. ಕಣ್ಣಲ್ಲಿ ನೀರಿತ್ತು.

ನಿನ್ನೆ ಹಾಲ್ ತೆರೆಯಿತು. ಭಾಷಣ ಯಾರಿಗೂ ಕೇಳಲಿಲ್ಲ. ಬಾಗಿಲು ತೆರೆದದ್ದೇ "ಅಜ್ಜೀ!" ಅಂತ ಕೂಗಿಕೊಂಡು ಮಕ್ಕಳು ನುಗ್ಗಿದವು. ಸಾಲಾಗಿ ನಿಂತು ಒಬ್ಬೊಬ್ಬರೇ ಬುಸ್ಸೆಂದರು. ಆಮೇಲೆ ಅವರ ಅಪ್ಪ ಅಮ್ಮಂದಿರು. ಆಮೇಲೆ, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಭಾಷಣ ಮಾಡಿದವರು. ಒಬ್ಬ ಹೆಂಗಸು ನನ್ನ ಹತ್ತಿರ ಬಂದು "ಬಾಯಿ ಎಷ್ಟು ಚೆನ್ನಾಗಿ ಮಾಡಿದೀರ" ಅಂದರು. "ಬಾಯಿ ನನ್ನದಲ್ಲ, ನನ್ನ ಮಗಂದು" ಅಂದೆ. ಹೇಳಿದ ರೀತಿಗೆ ನಿಮ್ಮಪ್ಪ ಬಿದ್ದು ಬಿದ್ದು ನಕ್ಕರು. ನಗಲಿ. ಆಮೇಲೆ ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳಿದೆ.

ಸಂಜೆ ವರ್ಕ್‌ಶಾಪಿನ ಕೀಲಿ ಕೊಟ್ಟು ಬಂದೆ. ಬೇಜಾರಾಗಲಿಲ್ಲ. ಆಗುತ್ತದೆ ಅಂದುಕೊಂಡಿದ್ದೆ.

ಇನ್ನು ನನ್ನ ವಿಷಯ. ನನ್ನ ಮೇಲಿನ ಸಾಲಿನಲ್ಲಿ ಮೂರು ಹಲ್ಲು ಅಲುಗಾಡಲು ಶುರುವಾಗಿ ಬಹಳ ದಿನವಾಯಿತು. ಎಡಗಡೆಯಿಂದ ಅಗಿಯುವುದನ್ನೇ ಬಿಟ್ಟಿದ್ದೇನೆ. ನಿಮ್ಮಪ್ಪನಿಗೂ ಹೇಳಿಲ್ಲ. ಬೇರೆ ಯಾರದೋ ಮುಂದೆ ಬಾಯಿ ತೆರೆಯಲು ಮನಸ್ಸು ಬರಲಿಲ್ಲ, ನಿನ್ನ ಹತ್ತಿರ ಬರಲು ಬಿಗುಮಾನ ಬಿಡಲಿಲ್ಲ. ಅವತ್ತು ನೀನು ಆ ತುಟಿಯನ್ನು ಬೆರಳ ತುದಿಯಲ್ಲಿ ಮಡಚುವುದನ್ನು ಪಕ್ಕದಲ್ಲೇ ನಿಂತು ನೋಡಿದೆನಲ್ಲ, ಆಗಲೇ ತೀರ್ಮಾನ ಮಾಡಿದೆ.

ಬರುವ ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಡಾಕ್ಟರಮ್ಮನಿಗೆ ಹೇಳಿಡು. ಯಾವ ಬಣ್ಣ, ಎಷ್ಟು ಉದ್ದ, ಯಾವುದನ್ನೂ ನಾನು ಹೇಳುವುದಿಲ್ಲ, ನಿನಗೆ ಸರಿ ಕಂಡ ಹಾಗೆ ಮಾಡು. ಅಚ್ಚು ಬಾಯೊಳಗೆ ಗಟ್ಟಿಯಾಗುವವರೆಗೆ ಅಲುಗಾಡಬಾರದು, ಮಾತಾಡಬಾರದು ಅಂತ ಕೇಳಿದ್ದೇನೆ. ನನಗೆ ಹೇಳಬೇಕಾದದ್ದು ಏನೇನಿದೆಯೋ ಎಲ್ಲ ಆಗ ಹೇಳು ಮಗನೇ, ಕೇಳುತ್ತೇನೆ.

ನಿನ್ನ ಮುಂದಿನ ಪೇಷಂಟು,
ಅಮ್ಮ